ಕಸ್ತೂರಿಬಾಯಿಯ ಎಡ ಅಂಗೈ

"ಅವ್ವಾ, ಕಸ್ತೂರಿ ಆಯಿ ಕುತ್ತಿಗಿಗಿ ನಳಾ ಹಚ್ಚ್ಯಾರಲ್ಲ, ತಿರುವಿದ್ರ ನೀರ ಬರ್ತದೇನು?"

ಅಂಬುಬಾಯಿ ಮಗಳ ಜಡೆ ಹೆಣೆಯುತ್ತಲೇ ಹೇಳಿದಳು: ನೀರಲ್ಲ, ರಕ್ತ, ವಾರಕ್ಕೆರಡು ಸಲ ಸೊಲ್ಲಾಪುರದ ಆಸ್ಪತ್ರೆಯ ಯಂತ್ರದೊಳಗೆ ಹೋಗಿ ತೊಳೆದುಕೊಂಡು ಬರುತ್ತದೆ. ಐದು ವರ್ಷದ ಹುಡುಗಿ ಕೇಳಿಯಾದರೂ ತಿಳಿದುಕೊಂಡಳು. ಖಜೂರಿ ಊರಿನ ದೊಡ್ಡವರು ಕೇಳುವ ಗೊಡವೆಗೇ ಹೋಗದೆ ತೀರ್ಪು ಕೊಟ್ಟು ಕೂತಿದ್ದರು.

ಕಸ್ತೂರಿಬಾಯಿ ಪಕ್ಕದ ಮನೆಯ ವಿಧವೆ, ಹಿಟ್ಟಿನ ಗಿರಣಿ ನಡೆಸುವಾಕೆ. ಜೋಳದಲ್ಲಿ ಮಣ್ಣು ಕಂಡರೆ, ಹೊಲವನ್ನೇ ಬೀಸಿಸಲು ತಂದಿರಾ ಎಂದು ಮುಖಕ್ಕೇ ಅನ್ನುವಳು. ೧೯೯೮ರಲ್ಲಿ ಆಕೆಯ ಎರಡೂ ಮೂತ್ರಪಿಂಡ ಕೈಕೊಟ್ಟವು. ಬಲಗೈಯ ನರಗಳು ಸಲಾಯಿನ್ ಏರಿಸಿ ಏರಿಸಿ ಕೆಟ್ಟಿದ್ದರಿಂದ, ಎಡ ಮುಂಗೈ ಕೊಯ್ದು ನರ ಜೋಡಿಸೋಣ, ಆಮೇಲೆ ಕುತ್ತಿಗೆಯ ನಳಿಕೆ ಬಿಟ್ಟು ಯಂತ್ರದ ಸೂಜಿ ಅಲ್ಲಿಗೇ ಹಾಕಬಹುದು ಎಂದರು ಡಾಕ್ಟರು. ಆದರೆ ಎಂಟನೆಯ ವಯಸ್ಸಿನಿಂದ ದಿನಾ ಮುಂಜಾನೆ ಆಕೆ ಲಿಂಗವನ್ನು ಇಟ್ಟು ಪೂಜಿಸುವುದು ಅದೇ ಎಡ ಅಂಗೈಯಲ್ಲಿ. ಸೂಜಿ ಚುಚ್ಚಿದ ಕೈ ಲಿಂಗಕ್ಕೆ ಪೀಠವಾಗದು ಎಂದು ಮೈದುನ ಬಸವಂತರಾಯ ಅಪ್ಪಣೆ ಕೊಡಿಸಿದ. ಅವನ ಲಿಂಗವೋ ಅಂಗಿಯ ಜೊತೆ ಗೂಟಕ್ಕೆ ತೂಗುತ್ತಿತ್ತು. ಮದುವೆ ಮುಂಜಿಗಷ್ಟೇ ಕೊರಳಿಗೆ ಬರುತ್ತಿತ್ತು. ಅಂಥವನ ಮಾತಿಗೆ ಮೂರು ಊರಿನ ನೆಂಟರು ತಲೆಯಾಡಿಸಿದರು. ಕಸ್ತೂರಿಬಾಯಿಗೂ ಒಳಗೊಳಗೆ ಅದೇ ಅಂಜಿಕೆ. ನಾಲ್ಕು ವಾರಕ್ಕೆಂದು ಕುತ್ತಿಗೆಗೆ ಹಾಕಿದ ನಳಿಕೆ ನಾಲ್ಕು ತಿಂಗಳು ಉಳಿಯಿತು.

ಹತ್ತನೇ ಇಯತ್ತೆ ಓದಿದ ಅಂಬುಬಾಯಿ ಜೊತೆಗೆ ಹೋಗಿ ರಕ್ತದ ಚೀಟಿಗಳನ್ನು ತನ್ನ ವಹಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಸಿಆರ್‌ಪಿ ಎಂಬ ಸಾಲಿನಲ್ಲಿ ಆರರ ಒಳಗೆ ಇರಬೇಕಾದ ಅಂಕಿ ಹದಿನಾಲ್ಕಾಯಿತು, ಮೂವತ್ತೆಂಟಾಯಿತು, ಅರವತ್ತೊಂದಾಯಿತು. ಮೈಯೊಳಗೆ ಉರಿಯೂತವಿದೆ, ಜ್ವರವಾಗಿ ಕಾಣುತ್ತಿಲ್ಲ, ನಳಿಕೆಯ ಮೇಲೇ ಅನುಮಾನ ಎಂದರು ಡಾಕ್ಟರು. ಈ ಅಂಕಿ ಏರಿಯೇ ಇರುವ ರೋಗಿಗಳು ಉಳಿದವರಿಗಿಂತ ಬೇಗ ಹೋಗುತ್ತಿದ್ದಾರೆ ಎಂದೂ ಮುಚ್ಚಿಡದೆ ಹೇಳಿದರು.

ಕೈ ಕೊಯ್ದ ಮೇಲೆ ಲಿಂಗ ಇಡುವ ಹಾಗೆ ಅಂಗೈ ಬಿಚ್ಚಲು ಬರುತ್ತದೆಯೇ ಎಂದು ಅಂಬುಬಾಯಿ ಕಸ್ತೂರಿಬಾಯಿಯ ಎದುರಿಗೇ ಕೇಳಿದಳು. ಬರುವುದೇನು, ಗಾಯ ಮಾಗಿದ ಮೇಲೆ ಚೆಂಡು ಹಿಡಿದು ದಿನಾ ನೂರು ಸಲ ಮುಷ್ಟಿ ಕಟ್ಟಿ ಬಿಚ್ಚಬೇಕು ಎಂದರು ಡಾಕ್ಟರು. ಇಷ್ಟು ಕೇಳಲು ನಾಲ್ಕು ತಿಂಗಳು ಒಬ್ಬರಿಗೂ ಬುದ್ಧಿ ಇರಲಿಲ್ಲ, ಅಂಬುಬಾಯಿಯನ್ನೂ ಹಿಡಿದು.

ಮರುದಿನ ಬಸವಂತರಾಯ ಗಿರಣಿಯ ಕಟ್ಟೆಯ ಮೇಲೆ ಕೂತು, ನಂಬರ ನೋಡಿ ಆಯುಷ್ಯ ಹೇಳುವ ಡಾಕ್ಟರನಿಗೂ ಗಿಣಿಶಾಸ್ತ್ರದವನಿಗೂ ಏನು ಫರಕು ಎಂದು ನಗಾಡುತ್ತಿದ್ದ. ಕಸ್ತೂರಿಬಾಯಿ ಗಿರಣಿ ನಿಲ್ಲಿಸಿದಳು.

"ಬಸಣ್ಣಾ, ನಿನ್ನ ಎಡಗೈ ತೋರ್ಸು."

ಅಂಗೈ ತುಂಬ ಸುಣ್ಣ, ತಂಬಾಕು.

"ಇದರಾಗ ಕೂಡೋ ಲಿಂಗ, ನನಗ ಸೂಜಿ ಚುಚ್ಚಿದ್ರ ಎದ್ದು ಹೋಗ್ತದೇನಪಾ?"

"ಮಂದಿ ಏನಂತಾರ್ರಿ ವೈನಿ."

"ಮಂದಿ ನನ್ನ ಮಣ್ಣಿಗಿ ಬರ್ತಾರ. ಸೊಲ್ಲಾಪುರಕ್ಕ ಯಾರ ಬಂದಾರ?"

ಹಿಟ್ಟಿಗೆ ನಿಂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಬಸವಂತರಾಯನಿಗೆ ಒಮ್ಮೆಲೇ ಎಲ್ಲೋ ಕೆಲಸ ನೆನಪಾಯಿತು.

ಆ ವಾರವೇ ಕೈಯ ಆಪರೇಶನ್ ಆಯಿತು. ಹಳೆಯ ನಳಿಕೆ ತೆಗೆದು, ಕೈ ಮಾಗುವವರೆಗೆಂದು ಹೊಸದು ಹಾಕಿದರು. ಅಂಕಿ ಇಳಿದೇ ಇಳಿಯುತ್ತದೆಂದು ಡಾಕ್ಟರು ಮಾತು ಕೊಡಲಿಲ್ಲ.

ಮನೆಗೆ ಬಂದ ಮರುದಿನ ಬೆಳಿಗ್ಗೆ ಅಂಬುಬಾಯಿ ಗಂಜಿ ಒಯ್ದಾಗ, ಕಸ್ತೂರಿಬಾಯಿ ಮಿಂದು ವಿಭೂತಿ ಹಚ್ಚಿಕೊಂಡು ಕೂತಿದ್ದಳು. ಪಟ್ಟಿ ಕಟ್ಟಿದ ಕೈಗೆ ಲಿಂಗ ಇಟ್ಟುಕೊಂಡು ಎತ್ತಿ ಹಿಡಿಯುವಷ್ಟು ಬಲ ಇನ್ನೂ ಬಂದಿರಲಿಲ್ಲ. ಊರಿಗೆಲ್ಲ ಗದರುವ ಹೆಂಗಸು ದನಿ ತಗ್ಗಿಸಿದಳು.

"ಅಂಬವ್ವಾ, ನೀವು ಕುರುಬರು, ಕೊರಳಾಗ ಲಿಂಗ ಇಲ್ಲ, ಗೊತ್ತದ. ಪಟ್ಟಿ ಬಿಚ್ಚೋತನಕ ದಿನಾ ಮುಂಜಾನಿ ಬಂದು, ನನ್ನ ಕೈ ಕೆಳಗ ನಿನ್ನ ಕೈ ಹಿಡಿತಿಯೇನ್ ಬೇ?"