ಪೋರ್ಚಿನಲ್ಲಿ ಉಳಿದ ಹರಿವೆ ಸೊಪ್ಪು

ಇವತ್ತು ಅಮ್ಮ ಹರಿವೆ ಸೊಪ್ಪು ತೊಳೆಯುತ್ತಿದ್ದಳು. ಸಿಂಕಿನ ಕೆಂಪು ನೀರು ನೋಡಿದ್ದೇ ಮಲೇಷ್ಯಾದ ನಿಲಾಯ್ ಊರಿನ ನನ್ನ ಶಾಲೆ ನೆನಪಾಯಿತು.

ಹಸಿದು ಬರುವ ಮಕ್ಕಳಿಗೆ ಅಲ್ಲಿ ಬೆಳಗ್ಗೆ ಊಟ ಕೊಡುತ್ತಿದ್ದರು. ತರಕಾರಿ ಕೊಳ್ಳುವುದು ಕಷ್ಟವಾದಾಗ ಅಡುಗೆಯ ಫಾತಿಮಾ, ನಮಗೆಲ್ಲ ಮಾಕ್ ಚಿಕ್ (ಮಲಯ್ ಭಾಷೆಯಲ್ಲಿ ಚಿಕ್ಕಮ್ಮ), ಶಾಲೆಯ ಹಿಂದೆ ತೋಟ ಶುರುಮಾಡಿದರು. ಹರಿವೆ ಬೀಜಕ್ಕೆ ಮರಳು ಬೆರೆಸಿ ಉದುರಿಸುವುದನ್ನು ನನ್ನ ಕೈ ಹಿಡಿದು ಕಲಿಸಿದರು.

ಸೊಪ್ಪು ಕೀಳುವ ಹೊತ್ತಿಗೆ ಲಾಕ್‌ಡೌನ್ ಬಂತು. ಮಾಕ್ ಚಿಕ್ ಅದನ್ನು ಆ ಮಕ್ಕಳ ಮನೆಮನೆಗೆ ಹಂಚಿದರು. ನಮ್ಮ ಗೇಟಿಗೂ ಒಂದು ಕಟ್ಟು ತಂದರು.

"ನೀನೇ ಬಿತ್ತಿದ್ದು. ನೀನೂ ತಿನ್ನು, ಲಾ" ಎಂದರು, ಮಾತಿನ ಕೊನೆಗೆ ಎಂದಿನ ‘ಲಾ’ ಸೇರಿಸಿ.

ಅವರು ಹೋದಮೇಲೆ ಅಮ್ಮ ಕಟ್ಟನ್ನು ಕೋಲಿನಿಂದ ಪೋರ್ಚಿನ ಮೂಲೆಗೆ ತಳ್ಳಿದಳು. ಹೊರಗಿಂದ ಬಂದದ್ದೆಲ್ಲ ಮೂರು ದಿನ ಅಲ್ಲೇ ಇರಬೇಕೆಂಬುದು ಆಗ ನಮ್ಮನೆಯ ನಿಯಮ.

"ಅಮ್ಮಾ, ಇಟ್ ವಿಲ್ ಡೈ" ಎಂದೆ.

"ಮುಟ್ಬೇಡ. ಹೋಗಿ ಕೈ ತೊಳ್ಕೋ."

ಮೂರನೇ ದಿನ ಕೊಳೆತ ಸೊಪ್ಪು ಕಸಕ್ಕೆ ಹೋಯಿತು. ಅಂದೇ ಸಂಜೆ ಮಾಕ್ ಚಿಕ್ ಫೋನು ಮಾಡಿ, ಹೇಗಿತ್ತು ಎಂದು ಕೇಳಿದರು. ತುಂಬ ರುಚಿಯಾಗಿತ್ತು ಎಂದಳು ಅಮ್ಮ.

ಶಾಲೆ ಮತ್ತೆ ತೆರೆದಾಗ ತೋಟದಲ್ಲಿ ಹುಲ್ಲು ಬೆಳೆದಿತ್ತು. ಅಡುಗೆಮನೆಯಲ್ಲಿ ಬೇರೆಯವರಿದ್ದರು. ಮಾಕ್ ಚಿಕ್ ಕೋವಿಡ್‌ನಲ್ಲಿ ತೀರಿಕೊಂಡಿದ್ದರು.

ಈಗ ಅಮ್ಮ ಪಲ್ಯ ಬಡಿಸಿ, "ಹೇಗಿದೆ?" ಎಂದಳು. ನಾನು ಒಂದೆಲೆಯನ್ನೂ ಬಿಡದೆ ತಿಂದೆ.