ರೇನ್‌ಕೋಟಿನ ಜೇಬಿನಲ್ಲಿದ್ದದ್ದು

ಭಾವ, ನಿಮ್ಮ ರೇನ್‌ಕೋಟಿನ ಜೇಬಿನಲ್ಲಿ ಅಕ್ಕನಿಗೆ ಸಿಕ್ಕ ಸಿಗರೇಟು ಪ್ಯಾಕು ನನ್ನದು. ಇಷ್ಟು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು — ಥೂ, ನನ್ನ ಜನ್ಮಕ್ಕಿಷ್ಟು!

ಆಗ ಕಲಬುರಗಿಯಿಂದ ಓದಲು ಬಂದು ಹಡಪಸರದ ನಿಮ್ಮ ಮನೆಯಲ್ಲೇ ಇದ್ದೆ. ಮಳೆಯೆಂದು ನಿಮ್ಮ ಕೋಟು ಹಾಕಿಕೊಂಡು ಹೋದವನು ಜೇಬು ಖಾಲಿ ಮಾಡಲು ಮರೆತೆ. ಅಕ್ಕ ಕೇಳಿದಾಗ ನೀವು ಪುಟ್ಟ ಗೌರಿಯ ತಲೆಯ ಮೇಲೆ ಕೈಯಿಟ್ಟು, "ಮಗಳ ಆಣಿ, ನಂದಲ್ಲ" ಎಂದಿರಿ.

"ಕೂಸಿನ ಮ್ಯಾಲ ಸುಳ್ಳ ಆಣಿ ಮಾಡ್ತೀರೇನ್ರಿ?" ಎಂದು ಅಕ್ಕ ಅತ್ತಳು. ನಾನು ಪಕ್ಕದಲ್ಲೇ ಕೂತು ರೊಟ್ಟಿ ತಿನ್ನುತ್ತಿದ್ದೆ. ಬಾಯಿಬಿಟ್ಟರೆ ಊರಿಗೆ ಅಟ್ಟುತ್ತಾಳೆ ಎಂಬ ಹೆದರಿಕೆ... ಅಷ್ಟೇ.

ಕಳೆದ ವರ್ಷ ನಿಮಗೆ ಶ್ವಾಸಕೋಶದ ಕ್ಯಾನ್ಸರ್ ಎಂದರು. ಅಕ್ಕ ನಿಮಗೆ ಗಂಜಿ ಕುಡಿಸುತ್ತಲೇ, "ಕದ್ದು ಸೇದಿದ್ದು ಎಲ್ಲಿ ಹೋಗ್ತದ?" ಎಂದಳು. ನೀವು ಗೋಡೆಯ ಕಡೆ ತಿರುಗಿದಿರಿ. ಆಗಲೂ ನಾನು ನೀರು ತರುವ ನೆಪದಲ್ಲಿ ಹೊರಗೆ ಹೋದೆ.

ಗಡ್ಡೆಯ ಚೂರನ್ನು ಜೀನ್ ಪರೀಕ್ಷೆಗೆ ಕಳಿಸಿದ್ದ ಡಾಕ್ಟರು ಒಂದು ದಿನ ನಗುತ್ತ ಬಂದರು. ಗಡ್ಡೆಯಲ್ಲಿ ಒಂದು ಬಗೆಯ ಬದಲಾವಣೆ ಸಿಕ್ಕಿದೆ, ಅದಕ್ಕೆಂದೇ ಗುಳಿಗೆ ಇದೆ, ಸದ್ಯ ಕೀಮೋ ಬೇಡ ಎಂದರು. ಸಿಗರೇಟು ಮುಟ್ಟದವರಲ್ಲೇ ಇದು ಹೆಚ್ಚು, ಆದರೆ ಸೇದಿಲ್ಲವೆಂಬುದಕ್ಕೆ ಇದೇ ಸಾಕ್ಷಿಯೂ ಅಲ್ಲ — ಹೀಗೂ ಹೇಳಿದರು.

ಅಕ್ಕ ನಿಮ್ಮನ್ನೇ ನೋಡಿದಳು. "ಹಂಗಾದ್ರ ಆ ಪ್ಯಾಕು ಯಾರದರಿ?"

"ಯಾರದರ ಇರ್ಲಿ ಬಿಡ. ಗುಳಿಗಿ ಸಿಕ್ತಲ್ಲ!" ಎಂದಿರಿ. ಸಾಕ್ಷಿ ನಿಮ್ಮ ಮಂಚದ ಪಕ್ಕದಲ್ಲೇ ನಿಂತಿದ್ದ, ಭಾವ. ನಿಂತೇ ಇದ್ದ.

ನಿನ್ನೆಯ ಸ್ಕ್ಯಾನಿನಲ್ಲಿ ಗಡ್ಡೆ ಅರ್ಧಕ್ಕಿಂತ ಸಣ್ಣದಾಗಿದೆಯಂತೆ. ಫೋನಿನಲ್ಲಿ ಅಕ್ಕ ಅಳುತ್ತ ನಗುತ್ತಿದ್ದಳು. ನಾನು ಆಫೀಸಿನ ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತೆ. ಎಷ್ಟೋ ದಿನಗಳ ಮೇಲೆ ಹಸಿವಾಯಿತು, ಎರಡು ವಡಾಪಾವ್ ತಿಂದೆ. ನೀವು ಉಳಿದಿರಿ — ಇದನ್ನು ನಿಮ್ಮ ಮುಖ ನೋಡಿ ಹೇಳಲು ನನಗೂ ಸಮಯ ಉಳಿಯಿತು.

ಭಾನುವಾರ ಊಟಕ್ಕೆ ಬರುತ್ತೇನೆ. "ಹೋಗ್ಲಿ ಬಿಡೋ" ಎಂದು ತಡೆಯಬೇಡಿ. ಅಕ್ಕ ಬೈಯಲಿ, ಹೊರಗೆ ಹಾಕಲಿ. ಆದರೆ ಮೊದಲು ಹೇಳಬೇಕಾದದ್ದು ಗೌರಿಗೆ. ಅಪ್ಪ ತನ್ನ ತಲೆಯ ಮೇಲೆ ಕೈಯಿಟ್ಟು ಸುಳ್ಳು ಹೇಳಿದ ಎಂದೇ ನಂಬಿ ಆ ಹುಡುಗಿ ಬೆಳೆದಿದ್ದಾಳೆ.