ನಾನೇ ಮುಚ್ಚಿಸಿದ ಒಂಬತ್ತು ನಿಮಿಷದ ದಾರಿ

ಕೋವಿಡ್ ಮುಗಿದು, ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲುಗಳು ಮತ್ತೆ ಮೊದಲಿನಂತೆ ತುಂಬತೊಡಗಿದ್ದ ವರ್ಷ ಅದು. ನಾನು ಈ ಭಾಗದ ಒಂದು ಯೋಜನಾ ಕಚೇರಿಯಲ್ಲಿ ಸಹಾಯಕ ನಿರ್ದೇಶಕನಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಕೂಲಿ ಕುಟುಂಬಗಳಿಗಾಗಿ ತೊಂಬತ್ತಾರು ಮನೆ ಕಟ್ಟುವ ಯೋಜನೆಗೆ ಜಾಗ ಆರಿಸುವ ಹೊಣೆ ನನ್ನದಾಯಿತು.

ಬೂದಿಕೋಟೆ ರಸ್ತೆಯಲ್ಲಿ ಸಮತಟ್ಟಾದ, ಅಗ್ಗದ ಜಮೀನಿತ್ತು. ಸಭೆಯಲ್ಲಿ ಎಲ್ಲರ ಕಣ್ಣೂ ಅದರ ಮೇಲೇ. ನಾನೊಬ್ಬ ಅಡ್ಡ ನಿಂತೆ. ಮನೆ ಅಗ್ಗವಾದರೆ ಸಾಲದು, ಮನೆಯಿಂದ ಕೆಲಸಕ್ಕೆ ಹೋಗಿ ಬರುವುದೂ ಅಗ್ಗವಾಗಬೇಕು, ನಡೆದು ರೈಲು ಹಿಡಿಯುವಂತಿರಬೇಕು ಎಂದು ವಾದಿಸಿದೆ. ಕೆಜಿಎಫ್ ಕವಲು ಮಾರ್ಗದ ಒಂದು ಸಣ್ಣ ನಿಲ್ದಾಣದ ಹತ್ತಿರ, ಮುಚ್ಚಿದ ಗಣಿಯ ಅಂಗಳದ ಪಕ್ಕದ ಜಾಗ ಸೂಚಿಸಿದೆ. ಎರಡು ಸಭೆ ಜಗಳವಾಡಿ ಗೆದ್ದೆ. ಗೆದ್ದವನ ಜಂಬ ನನಗೆ ಬೇಡದಷ್ಟು ಬಂತು.

ನಮ್ಮ ವೃತ್ತಿಯಲ್ಲಿ ಒಂದು ರೂಢಿಯಿದೆ. ನಕ್ಷೆಯಲ್ಲಿ ನಿಲ್ದಾಣದ ಮೇಲೆ ಕೈವಾರದ ಮುಳ್ಳು ಊರಿ ಎಂಟುನೂರು ಮೀಟರಿನ ವೃತ್ತ ಎಳೆಯುತ್ತೇವೆ. ಅದರೊಳಗೆ ಬಿದ್ದ ಮನೆಗಳೆಲ್ಲ ‘ನಡಿಗೆಯ ಅಂತರ’ದಲ್ಲಿವೆ ಎಂದರ್ಥ. ನನ್ನ ತೊಂಬತ್ತಾರು ಮನೆಗಳೂ ವೃತ್ತದೊಳಗೆ ಆರಾಮಾಗಿ ಕೂತವು. ನಕ್ಷೆಯ ಮೇಲೆ ನೇರವಾಗಿ ಅಳೆದಾಗ ಆರುನೂರ ನಲವತ್ತು ಮೀಟರ್ ಬಂತು.

ಮನೆಗಳ ಪಾಯ ಏಳುತ್ತಿದ್ದಾಗ ಸ್ಥಳ ತನಿಖೆಗೆ ಹೋದದ್ದು ಬೆಳಗ್ಗೆ ಹನ್ನೊಂದಕ್ಕೆ. ಸರ್ಕಾರಿ ಜೀಪು ಅದಕ್ಕಿಂತ ಮೊದಲು ಎಲ್ಲಿಗೂ ಹೊರಡುವುದಿಲ್ಲ. ಮನೆಗಳಿಗೂ ನಿಲ್ದಾಣಕ್ಕೂ ನಡುವೆ ಇದ್ದ ಗಣಿ ಅಂಗಳದ ಕಲ್ಲುಗೋಡೆ ಎರಡು ಕಡೆ ಕುಸಿದಿತ್ತು. ಒಂದು ಕಂಡಿಯಿಂದ ಇನ್ನೊಂದಕ್ಕೆ ಕೆಂಪು ಮಣ್ಣಿನ ಸವೆದ ಜಾಡು ಹೋಗಿತ್ತು. ದನಗಳ ದಾರಿಯಿರಬೇಕು ಎಂದುಕೊಂಡೆ. ಒಳಗೆ ಹಳೆಯ ಶಾಫ್ಟುಗಳು, ಅಂದರೆ ಗಣಿಗೆ ಇಳಿಯುವ ಬಾವಿಯಂಥ ಗುಂಡಿಗಳಿವೆ ಎಂದು ಕೇಳಿದ್ದೆ. ಟಿಪ್ಪಣಿಯಲ್ಲಿ ಒಂದು ಸಾಲು ಬರೆದೆ: ‘ಆವರಣ ಗೋಡೆ ಕುಸಿದಿದ್ದು, ಸುರಕ್ಷತೆಯ ದೃಷ್ಟಿಯಿಂದ ದುರಸ್ತಿಗೆ ಶಿಫಾರಸು ಮಾಡಿದೆ.’ ನನ್ನ ಸೇವಾವಧಿಯಲ್ಲಿ ಅಷ್ಟು ಬೇಗ ಜಾರಿಯಾದ ಶಿಫಾರಸು ಇನ್ನೊಂದಿಲ್ಲ.

ಮನೆಗಳು ಹಂಚಿಕೆಯಾಗಿ ಜನ ಬಂದು ಇಪ್ಪತ್ತು ದಿನವಾಗಿರಬೇಕು. ರತ್ನಮ್ಮ ಎಂಬ ಹೆಂಗಸು ಕಚೇರಿಗೆ ಬಂದು ಮನೆಯ ಬೀಗದ ಕೈ ನನ್ನ ಮೇಜಿನ ಮೇಲಿಟ್ಟರು. ಕಾಮಸಮುದ್ರದ ಕಡೆಯ ಕೂಲಿ ಕುಟುಂಬ. ಗಂಡ ಗಾರೆ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಕೃಷ್ಣರಾಜಪುರದ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದ ರತ್ನಮ್ಮನ ಸಂಬಳವೇ ಸಂಸಾರದ ಆಧಾರ.

“ಈ ಮನೆ ವಾಪಸ್ ತಗಳಿ ಸಾರ್. ಬಂಗಾರಪೇಟೇಲಿ ಬಾಡಿಗೆ ಮನೇಲೇ ಇರ್ತೀವಿ.”

“ಏನಮ್ಮಾ ತೊಂದರೆ? ಸ್ಟೇಷನ್ ಪಕ್ಕದಲ್ಲೇ ಇದೆಯಲ್ಲ?”

“ಪಕ್ಕದಲ್ಲೇ ಅದೆ. ಓಗಾಕೆ ದಾರಿ ಎಲ್ಲೈತೆ? ಗೋಡೆ ಕಟ್ಟಾಕವ್ರೆ. ಸುತ್ತಿ ಓಗೋ ಅಷ್ಟರಾಗೆ ರೈಲು ಓಗ್ಬಿಡ್ತದೆ. ಆಗ್ಲೇ ಎರಡು ಸಲ ಲೇಟಾಗೈತೆ. ಇನ್ನೊಂದು ಸಲ ಆದ್ರೆ ಬರ್ಬೇಡ ಅಂದವ್ರೆ. ದೇವ್ರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ ಅಂದಂಗಾಯ್ತು ನಮ್ಮ ಕತೆ.”

ಆ ಪೂಜಾರಿ ಯಾರೆಂಬುದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹೇಳುವ ಧೈರ್ಯ ಆ ದಿನ ಬರಲಿಲ್ಲ. ಬೀಗದ ಕೈಯನ್ನು ಅವರ ಕಡೆ ಸರಿಸಿ, ನಾಳೆ ನಾನೇ ಬರುತ್ತೇನೆ ಎಂದೆ.

ಮರುದಿನ ಅವರು ಕೆಲಸಕ್ಕೆ ಹೊರಡುವ ಹೊತ್ತಿಗೇ ಹೋಗಿ ಜೊತೆಯಲ್ಲಿ ನಡೆದೆ. ರಸ್ತೆ ಗಣಿಯ ಅಂಗಳವನ್ನೆಲ್ಲ ಬಳಸಿ, ಹಳಿ ದಾಟಿ, ಆಚೆ ಬದಿಯಿಂದ ನಿಲ್ದಾಣ ಸೇರುತ್ತಿತ್ತು. ನನ್ನ ಫೋನು ಎರಡು ಕಿಲೋಮೀಟರ್ ಒಂಬೈನೂರು ಮೀಟರ್ ತೋರಿಸಿತು. ಕೊನೆಯಲ್ಲಿ ಲೆವೆಲ್ ಕ್ರಾಸಿಂಗಿನ ಗೇಟು ಮುಚ್ಚಿತ್ತು. ನಾವು ಹಿಡಿಯಬೇಕಾದ ರೈಲಿಗಾಗಿಯೇ ಮುಚ್ಚಿದ್ದರು! ಹದಿನೈದಿಪ್ಪತ್ತು ಹೆಂಗಸರು ಗೇಟಿನ ಕಂಬಿಯ ಕೆಳಗೆ ಬಗ್ಗಿ ಓಡಿದರು. ರತ್ನಮ್ಮನೂ ಓಡಿದರು. ಅವರು ರೈಲು ಹತ್ತಿದ್ದನ್ನು ನೋಡಿದ ಮೇಲೇ ನಾನು ಗೇಟು ಬಿಟ್ಟು ಕದಲಿದೆ. ಸುರಕ್ಷತೆಗೆಂದು ಗೋಡೆ ಕಟ್ಟಿಸಿ, ಬರುವ ರೈಲಿನ ಮುಂದೆ ಓಡುವ ಹಾಗೆ ಮಾಡಿದ್ದೆ. ಅಷ್ಟು ನಾಚಿಕೆ ನನಗೆ ಬೇರೆ ಯಾವತ್ತೂ ಆಗಿಲ್ಲ.

ಬೆಳಗಿನ ಜಾವಕ್ಕೆ ಒಂದು ಬಸ್ಸು ಹಾಕಿಸಿ ನೋಡಿದೆ. ಅದೂ ಅದೇ ಗೇಟಿನಲ್ಲಿ ನಿಂತಿತು. ಉಳಿದದ್ದು ಗೋಡೆ ಒಡೆಯುವ ದಾರಿ ಒಂದೇ. ಅದಕ್ಕೆ ಗಣಿ ಜಮೀನಿನ ಉಸ್ತುವಾರಿ ನೋಡುವ ಕಚೇರಿಯವರ ಒಪ್ಪಿಗೆ ಬೇಕು. ಕಟ್ಟಲು ಶಿಫಾರಸು ಮಾಡಿದವರೇ ಒಡೆಯಲು ಕೇಳುವುದೇಕೆ ಎಂದು ಅವರು ಪತ್ರ ಬರೆದರು. ನ್ಯಾಯವಾದ ಪ್ರಶ್ನೆ.

“ಪರಿಸ್ಥಿತಿ ಬದಲಾಗಿದೆ ಅಂತ ಬರೀರಿ ಸಾರ್,” ಎಂದರು ನಮ್ಮ ಹೆಡ್ ಕ್ಲರ್ಕು. “ತಪ್ಪಾಯ್ತು ಅಂತ ಮಾತ್ರ ಬರೀಬೇಡಿ. ಪಿಂಚಣಿ ಹೊತ್ತಿಗೆ ಯಾಕೆ?”

ನಾಲ್ಕು ದಿನ ಆ ಕಡತವನ್ನು ಮುಟ್ಟಲಿಲ್ಲ. ಅಂಜಿಕೆಯೇ ಕಾರಣ, ಬೇರೇನಲ್ಲ. ಐದನೆಯ ದಿನ ಬರೆದೆ: ‘ಸದರಿ ಜಾಡನ್ನು ಜನ ಬಳಸುತ್ತಿದ್ದುದನ್ನು ನಾನು ವಿಚಾರಿಸಲಿಲ್ಲ. ನನ್ನ ಶಿಫಾರಸು ತಪ್ಪು.’

ಶಾಫ್ಟುಗಳ ಭಯ ನಿಜವೇ ಆಗಿತ್ತು. ಗಣಿಯೊಳಗೆ ಮೂವತ್ತು ವರ್ಷ ದುಡಿದಿದ್ದ ಸುಬ್ರಮಣಿ ಎಂಬ ಹಿರಿಯರನ್ನು ಕರೆದುಕೊಂಡು ಹೋದೆ. ಕೋಲೂರಿಕೊಂಡು ಆ ಜಾಡಿನ ಉದ್ದಕ್ಕೂ ನಡೆದು ತೋರಿಸಿದರು.

“ಶಾಫ್ಟೆಲ್ಲ ಆ ಸೈಡ್ ಸಾರ್. ಇಲ್ಲಿ ಅಡಿಯಲ್ಲಿ ಗಟ್ಟಿ ಕಲ್ಲು. ನಾವು ಶಿಫ್ಟ್‌ಗೆ ಬರ್ತಾ ಇದ್ದಿದ್ದೇ ಈ ದಾರಿಯಲ್ಲಿ. ನಮ್ಮಪ್ಪನೂ ಇಲ್ಲೇ ನಡೆದಿದ್ದು.”

ದನಗಳ ದಾರಿಯಂತೆ! ಭೂಮಿಯೊಳಗಿನ ಸರ್ವೆ ಮಾಡಿದವರೂ ಸುಬ್ರಮಣಿಯವರ ಮಾತನ್ನೇ ಅಂಕಿಗಳಲ್ಲಿ ಬರೆದುಕೊಟ್ಟರು. ಎರಡು ಕಡೆ ಬೇಲಿ, ಆರು ದೀಪ, ಗೋಡೆಯಲ್ಲಿ ಒಬ್ಬೊಬ್ಬರೇ ದಾಟುವ ಸುತ್ತು ಗೇಟು, ಪ್ಲಾಟ್‌ಫಾರ್ಮಿನ ತುದಿಗೆ ರೈಲ್ವೆಯ ಅನುಮತಿ. ಎಲ್ಲ ಮುಗಿಯಲು ಏಳು ತಿಂಗಳು ಹಿಡಿಯಿತು.

ಗೇಟು ತೆರೆದ ದಿನ ಯಾವ ಸಮಾರಂಭವೂ ಇರಲಿಲ್ಲ. ಹೆಂಗಸರು ಊಟದ ಡಬ್ಬಿ ಹಿಡಿದು ಸುಮ್ಮನೆ ದಾಟಿ ಹೋದರು. ನಾನು ಗಡಿಯಾರ ನೋಡುತ್ತ ಜೊತೆಗೆ ನಡೆದೆ. ಪ್ಲಾಟ್‌ಫಾರ್ಮಿಗೆ ಒಂಬತ್ತು ನಿಮಿಷ. ಆ ಗುಂಪಿನಲ್ಲಿ ರತ್ನಮ್ಮ ಇರಲಿಲ್ಲ. ವಾಪಸು ಬರುವಾಗ ಅವರ ಮನೆಯ ಬಾಗಿಲಿಗೆ ಹೋದೆ.

“ಕೆಲಸ ಬಿಡಿಸಿ ಐದು ತಿಂಗಳಾಯ್ತಲ್ಲ ಸಾರ್,” ಎಂದರು. ಕಾಮಸಮುದ್ರದ ಕಡೆ ಟೊಮೇಟೊ ಬಿಡಿಸುವ ಕೂಲಿಗೆ ಹೊರಟು ನಿಂತಿದ್ದರು. ಸಂಬಳ ಅರ್ಧಕ್ಕೂ ಕಡಿಮೆ.

ಅಂದು ಹೇಳದೆ ಉಳಿಸಿಕೊಂಡಿದ್ದನ್ನು ಆಗ ಹೇಳಿದೆ. ಗೋಡೆ ಕಟ್ಟಲು ಬರೆದವನು ನಾನೇ, ತಪ್ಪಾಯಿತು ಎಂದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಊಟದ ಡಬ್ಬಿ ಎತ್ತಿಕೊಂಡರು.

“ನೀವು ಬಂದಿದ್ದು ನಾನೂ ನೋಡಿದ್ದೆ ಸಾರ್. ಮನೆ ಎಂಗೆ ಕಟ್ತಾವ್ರೆ ಅಂತ ನೋಡಾಕೆ ಆವತ್ತು ರೈಲಿಳಿದು ಆ ದಾರೀಲೇ ಬಂದಿದ್ದೆ. ಆ ಗೋಡೆ ಅತ್ರಾನೇ ಕುಂತಿದ್ದೆ. ಒಂದು ಮಾತು ಕೇಳಿದ್ರೆ ಏಳ್ತಿದ್ನಲ್ಲ.”

ಕೂಲಿಯವರ ಟೆಂಪೊ ಬಂತು, ಹತ್ತಿ ಹೋದರು. ಅಂದಿನಿಂದ ನಿವೃತ್ತಿಯವರೆಗೆ ನಾನು ಯಾವ ಸ್ಥಳ ತನಿಖೆಗೂ ಜನ ಕೆಲಸಕ್ಕೆ ಹೋಗಿಬಿಟ್ಟಿರುವ ಹನ್ನೊಂದು ಗಂಟೆಗೆ ಹೋಗಲಿಲ್ಲ, ಅಲ್ಲಿ ಕೂತಿದ್ದವರನ್ನು ಮಾತನಾಡಿಸದೆ ಸಹಿ ಹಾಕಲಿಲ್ಲ. ತಪ್ಪನ್ನು ಒಪ್ಪಿಕೊಂಡರೆ ದಾರಿ ತೆರೆಯುತ್ತದೆ, ಅದು ಸತ್ಯ. ಕಡತದ ಮೇಲೆ ನಾನು ಅಂಜಿ ಕೂತ ನಾಲ್ಕು ದಿನವೂ ಆ ಏಳು ತಿಂಗಳಲ್ಲಿ ಸೇರಿದೆ. ಆ ದಾರಿಯಲ್ಲಿ ಈಗ ದಿನಾ ನೂರಾರು ಜನ ನಡೆಯುತ್ತಾರೆ. ಅದನ್ನು ಕೇಳಿಕೊಂಡು ಬಂದ ರತ್ನಮ್ಮ ನಡೆಯುತ್ತಿಲ್ಲ.